ನಾರುಮಡಿಯ ಸೂಜಿ

ಭಾನುವಾರದ ದಿನ ಮೀನು ಹಿಡಿಯುವುದಕ್ಕೆ ಪಾದ್ರಿಗಳಿಂದ ಒಪ್ಪಿಗೆ ಪಡೆದರೂ ಪಡೆಯಬಹುದು, ಲಾತಾಯಿಯ ಕೈಯಿಂದ ಒಂದು ಸೂಜಿ ಎರವಲು ಪಡೆಯುವುದು ಮಾತ್ರ ಆಗಹೋಗದ ಮಾತು. ತೋಂಗಾ ದ್ವೀಪದ ನೆಯಾಫು ಊರಿನ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಬಂದರಿನಿಂದ ಏರು ಹತ್ತಿ ಬಂದರೆ ದೀವಿಹಲಸಿನ ಮರದ ಪಕ್ಕದಲ್ಲಿ ಅವಳ ಒಂದು ಕೋಣೆಯ ಹೊಲಿಗೆಮನೆ. ಬಾಗಿಲಲ್ಲಿ ನಿಂತು "ಒಂದು ಸೂಜಿ ಬೇಕಿತ್ತು" ಅಂದವರಿಗೆ ಒಳಗಿನಿಂದ ಮೊದಲು ಬರುತ್ತಿದ್ದದ್ದು "ಯಾವ ಬಟ್ಟೆಗೆ?" ಎಂಬ ಪ್ರಶ್ನೆ. "ಯಾವುದೋ ಒಂದು ಕೊಡಿ" ಅಂದರೋ, ಅಲ್ಲೇ ಮಂಗಳಾರತಿ.

"ಯಾವುದೋ ಒಂದು ಗಂಡನ್ನ ಕಟ್ಕೊಂಡ್ಯಾ ನೀನು? ಅಳೆದು ಸುರಿದು ತಾನೇ ಕಟ್ಕೊಂಡಿದ್ದು? ಬಟ್ಟೆಗೇನು ಮರ್ಯಾದೆ ಇಲ್ವಾ?"

ಅವಳು ಸ್ವತಃ ಯಾವ ಗಂಡನ್ನೂ ಕಟ್ಟಿಕೊಂಡವಳಲ್ಲ ಎಂಬುದನ್ನು ಯಾರೂ ಅವಳ ಎದುರಿಗೆ ನೆನಪಿಸುತ್ತಿರಲಿಲ್ಲ. ಅರವತ್ತೊಂದು ವಯಸ್ಸಿನ, ದಪ್ಪ ತೋಳಿನ, ದೊಡ್ಡ ದನಿಯ ಆ ಹೆಂಗಸು ನಲವತ್ತು ವರ್ಷದಿಂದ ಊರಿಗೆ ಬಟ್ಟೆ ಹೊಲಿಯುತ್ತಿದ್ದಳು. ಶಾಲೆಯ ಮಕ್ಕಳ ಸಮವಸ್ತ್ರ, ಚರ್ಚಿನ ಹಾಡುಗಾರರ ಬಿಳಿ ಬಟ್ಟೆ, ಸಾವಿನ ಮನೆಯ ಕಪ್ಪು ಬಟ್ಟೆ, ಎಲ್ಲವೂ ಅವಳ ಮಷೀನಿನ ಕೆಳಗೆ ಹಾದು ಹೋದವೇ.

ಅವಳ ಸೂಜಿಗಳು ಇದ್ದದ್ದು ಒಂದು ಪುಸ್ತಕದಲ್ಲಿ. ಕಾಗದದ್ದಲ್ಲ, ಬಟ್ಟೆಯ ಪುಸ್ತಕ. ಯಾವ ಸೂಜಿ ಯಾವ ಬಟ್ಟೆಗೆ ಸಲ್ಲುತ್ತದೋ ಅದೇ ಬಟ್ಟೆಯ ಹಾಳೆಯಲ್ಲಿ ಅದನ್ನು ಚುಚ್ಚಿಟ್ಟಿದ್ದಳು. ಬಂದರಿಗೆ ಬರುವ ಬಿಳಿಯರ ಹಾಯಿದೋಣಿಗಳ ಹರಿದ ಹಾಯಿಯ ತುಂಡೊಂದು ಮೊದಲ ಹಾಳೆ, ಅದರಲ್ಲಿ ಮೊಳೆಯಂಥ ಹದಿನೆಂಟನೇ ನಂಬರು. ಹುಡುಗರ ರಗ್ಬಿ ಅಂಗಿಯ ಹಿಗ್ಗುವ ಬಟ್ಟೆಯ ಹಾಳೆಯಲ್ಲಿ ಗುಂಡು ಮೊನೆಯ ಸೂಜಿ. ಆ ಬಟ್ಟೆಗೆ ಚೂಪು ಸೂಜಿ ಹಾಕಿದರೆ ನೂಲು ಕಡಿದು ಎರಡು ಒಗೆತಕ್ಕೆ ಬಿಚ್ಚಿಕೊಂಡು ಹೋಗುತ್ತದೆ. ಗುಂಡು ಮೊನೆಯಾದರೆ ನೂಲನ್ನು ಪಕ್ಕಕ್ಕೆ ಸರಿಸಿ, ದಾರಿ ಕೇಳಿಕೊಂಡು ಒಳಗೆ ಹೋಗುತ್ತದೆ. ಭಾನುವಾರದ ತೆಳು ಬಿಳಿ ಬಟ್ಟೆಗೆ ಒಂಬತ್ತು, ಶಾಲೆಯ ದಪ್ಪ ಲಂಗಕ್ಕೆ ಹದಿನಾಲ್ಕು. ಕೊನೆಯ ಎರಡು ಹಾಳೆಗಳು ಗಟ್ಟಿ. ಒಂದು ಚರ್ಮ, ಪಾದ್ರಿಗಳ ಹಾಡಿನ ಪುಸ್ತಕಕ್ಕೆ ಹೊದಿಕೆ ಮಾಡಿ ಉಳಿದದ್ದು. ಅದರ ಸೂಜಿ ಹನ್ನೆರಡನೇ ನಂಬರು, ಮೊನೆ ಮಾತ್ರ ಉಳಿಯ ಹಾಗೆ ಚಪ್ಪಟೆ. ಅದು ಚುಚ್ಚುವುದಿಲ್ಲ, ಸೀಳುತ್ತದೆ. ಇನ್ನೊಂದು ನಾರುಮಡಿ, ಮರದ ತೊಗಟೆ ಬಡಿದು ಮಾಡುವ ಬಟ್ಟೆ. ಅದಕ್ಕೂ ಹನ್ನೆರಡನೇ ನಂಬರೇ, ಆದರೆ ಮೊನೆ ಚಪ್ಪಟೆಯಿರದೆ, ನುಣ್ಣಗೆ, ಚೂಪಾಗಿರಬೇಕು.

ಸೂಜಿಯ ನೆತ್ತಿಯ ಮೇಲೆ ನಂಬರು ಕೊರೆದಿರುತ್ತದಲ್ಲ, ಮತ್ತೆ ಈ ಪುಸ್ತಕ ಯಾಕೆ ಎಂದು ಕೇಳಬಹುದು. ಮೊದಮೊದಲು ಅದು ಅವಳ ಅಚ್ಚುಕಟ್ಟುತನ, ಅಷ್ಟೆ. ಎರಡು ವರ್ಷದಿಂದ ಮಾತ್ರ ಅದೇ ಅವಳ ಕಣ್ಣು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಅವಳ ಕಣ್ಣಿನ ನಡುವೆ ಒಂದು ಮಸಿಯ ಬೊಟ್ಟು ಇಟ್ಟಿತ್ತು. ಬಂದರು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಆಕಾರ ಕಾಣುತ್ತಿತ್ತು; ಸೂಜಿಯ ನಂಬರು, ದಾರದ ತುದಿ, ತಾನೇ ಹಾಕಿದ ಹೊಲಿಗೆ ಕಾಣುತ್ತಿರಲಿಲ್ಲ. ಹೋಗಲಿ ಬೆರಳಾದರೂ ಇದೆಯಲ್ಲ ಅಂದುಕೊಂಡರೆ, ಬೆರಳ ತುದಿಗಳೂ ನಿಧಾನಕ್ಕೆ ಜೋಮು ಹಿಡಿಯತೊಡಗಿದ್ದವು. ಆಸ್ಪತ್ರೆಯ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಲಾತಾಯಿ ಕೇಳಿಸಿಕೊಂಡು ಬಂದು ಯಾರಿಗೂ ಹೇಳಲಿಲ್ಲ. ದಾರ ಪೋಣಿಸಬೇಕಾದಾಗ ದಾರಿಯಲ್ಲಿ ಹೋಗುವ ಹುಡುಗಿಯರನ್ನು ಕರೆದು, "ಬಾರೇ, ಕಲಿ. ನಾಳೆ ಗಂಡನ ಮನೆಗೆ ಹೋದ್ಮೇಲೆ ನಾನು ಬರ್ತೀನಾ?" ಎಂದು ಅವರ ಕೈಯಲ್ಲೇ ಪೋಣಿಸಿಕೊಳ್ಳುತ್ತಿದ್ದಳು. ಉಪಕಾರ ಮಾಡಿದವರ ಗತ್ತಿನಲ್ಲಿ ಉಪಕಾರ ಪಡೆಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಹೀಗಿರುವಾಗ ತಮ್ಮನ ಮಗಳು ವಾಸಿತಿಯ ಮದುವೆ ಗೊತ್ತಾಯಿತು.

ತಮ್ಮ ಕೆಲೇಪಿ ಒಂದು ಸೋಮವಾರ ಬೆಳಿಗ್ಗೆ ಬಂದು, ಗೆಣಸಿನ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಕೋಣೆಗೆ ಬೆನ್ನು ಹಾಕಿ ಕೂತ. ಅಕ್ಕನ ಕೋಣೆಯೊಳಕ್ಕೆ ತಮ್ಮ ಕಾಲಿಡುವ ಹಾಗಿಲ್ಲ. ಐವತ್ತೈದು ವರ್ಷದ ಮೇಲೂ ಆ ಮರ್ಯಾದೆ ಮರ್ಯಾದೆಯೇ.

"ಅಕ್ಕಾ, ಅವ್ವನ ನಾರುಮಡಿ ತಂದಿದ್ದೀನಿ."

"ಎಲ್ಲಿಟ್ಟಿದ್ದೆ ಇಷ್ಟು ದಿನ?"

"ನನ್ನ ಹಾಸಿಗೆ ಕೆಳಗೇ. ಐದು ವರ್ಷದಿಂದ ಅದರ ಮೇಲೇ ಮಲಗಿದ್ದೀನಿ. ಒಂದು ಸುಕ್ಕಿಲ್ಲ."

"ನಿನ್ನ ಭಾರಕ್ಕೆ ಸುಕ್ಕು ಎಲ್ಲಿಂದ ಬರುತ್ತೆ? ಇಸ್ತ್ರಿಪೆಟ್ಟಿಗೇನೂ ಸೋಲಬೇಕು."

ಕೆಲೇಪಿ ನಗುವ ಹಾಗಿರಲಿಲ್ಲ. ಅಕ್ಕತಮ್ಮಂದಿರ ನಡುವೆ ಚೇಷ್ಟೆ ಸಲ್ಲದು. ಅವಳೇನೋ ಹಿರಿಯಳು, ಆಡಿಬಿಡುತ್ತಾಳೆ. ಅವನ ಬೆನ್ನು ಮಾತ್ರ ಎರಡು ಸಲ ಕುಲುಕಿತು.

"ಒಂದು ಮಾತು ಅಕ್ಕಾ. ನಿಮಗೆ ಕೆಲಸ ಜಾಸ್ತಿ ಆಗುತ್ತೇನೋ, ಪೇಟೇಲಿ ಯಾರಿಗಾದ್ರೂ ಕೊಡೋಣ್ವಾ ಅಂತ ಎಲೆನೋವಾ ಅಂತಿದ್ಲು."

ಎಲೆನೋವಾ ಅಂದರೆ ಅವನ ಹೆಂಡತಿ. ಲಾತಾಯಿಯ ಕತ್ತರಿ ನಿಂತಿತು.

"ಯಾಕೆ? ನನಗೇನಾಗಿದೆ?"

"ಏನೂ ಇಲ್ಲ, ಏನೂ ಇಲ್ಲ. ನೀವು ಹೇಳ್ದಂಗೆ."

"ಅವ್ವ ಸಾಯೋವಾಗ ಏನು ಹೇಳಿದ್ಲು?"

"ಇದು ವಾಸಿತಿಗೆ, ಹೊಲಿಯೋದು ಲಾತಾಯಿ, ಅಂದಿದ್ಲು."

"ಮತ್ತೆ?"

ಅಲ್ಲಿಗೆ ಮಾತು ಮುಗಿಯಿತು. ಮುಗಿಯಲೇಬೇಕು. ತಂದೆಯ ಅಕ್ಕ ಅಂದರೆ ತೋಂಗಾದವರ ಮನೆಯಲ್ಲಿ ಎಲ್ಲರ ತಲೆಯ ಮೇಲೆ ಕೂತವಳು. ಮದುವೆಯಲ್ಲಿ ಮೇಲಿನ ಚಾಪೆ ಅವಳದು, ಸಾವಿನಲ್ಲಿ ಮೊದಲ ಮಾತು ಅವಳದು. ಅವಳು ಕೇಳಿದ್ದನ್ನು ಇಲ್ಲ ಅನ್ನಬಾರದು, ಅವಳು ಹೇಳಿದ್ದನ್ನು ತಪ್ಪು ಅನ್ನಬಾರದು. ಕೆಲೇಪಿಯ ಮಕ್ಕಳಿಗೆ ಸರಿ, ಬೇರೆಯವರಿಗೇನು ಅಂದರೆ, ಊರೇ ನೆಂಟಸ್ತಿಕೆಯ ಒಂದು ದೊಡ್ಡ ಗಂಟು. ಯಾವುದೋ ಒಂದು ಎಳೆ ಹಿಡಿದು ಹೋದರೆ ಲಾತಾಯಿ ಊರಿನ ಅರ್ಧ ಜನಕ್ಕೆ ಸೋದರತ್ತೆಯೇ ಆಗುತ್ತಿದ್ದಳು.

ಆ ನಾರುಮಡಿಯನ್ನು ಅವ್ವ ತನ್ನ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಬಡಿದದ್ದು. ಮರದ ಒಳತೊಗಟೆಯನ್ನು ನೆನೆಸಿ, ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದು ಬಡಿದು ತೆಳ್ಳಗೆ ಮಾಡಿ, ಅರೆಬೆಂದ ಮರಗೆಣಸಿನ ಅಂಟಿನಿಂದ ಪದರಕ್ಕೆ ಪದರ ಕೂಡಿಸಿ, ಕಂದು ಬಣ್ಣದ ಗೆರೆ ಎಳೆದಿದ್ದಳು. ಆಮೇಲೆ ಅವಳ ಕೈ ಕೊಡತಿ ಹಿಡಿಯಲಿಲ್ಲ. ಇದ್ದದ್ದು ಒಂದೇ ತುಂಡು, ಮದುಮಗಳ ಒಂದು ಉಡುಪಿಗೆ ಸರಿಯಾಗಿ ಸಾಕಾಗುವಷ್ಟು. ಹತ್ತಿಯ ಬಟ್ಟೆಯಾದರೆ ತಪ್ಪು ಹೊಲಿಗೆ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ತೂತು ಮುಚ್ಚಿಕೊಂಡುಬಿಡುತ್ತದೆ. ನಾರುಮಡಿಯಲ್ಲಿ ಬಿದ್ದ ತೂತು ಬಿದ್ದದ್ದೇ. ತಪ್ಪು ಸೂಜಿಯಿಂದ ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಅಂಚಿನ ಹಾಗೆ ಆ ಗೆರೆಯ ಗುಂಟ ಕಿತ್ತು ಬರುತ್ತದೆ. ಅದಕ್ಕೇ ಲಾತಾಯಿಗೆ ಹೆದರಿಕೆ. ಬೇರೆಯವರಿಗೆ ಕೊಟ್ಟರೆ ಕಣ್ಣಿನ ಗುಟ್ಟು ಬಯಲಾಗುತ್ತದೆ, ಅವ್ವನ ಮಾತೂ ತಪ್ಪುತ್ತದೆ. ತಾನೇ ಹೊಲಿದು ಕೆಡಿಸಿದರೆ ಅವ್ವನ ಕೈಯ ಕೊನೆಯ ಕೆಲಸವೂ ಇಲ್ಲ, ವಾಸಿತಿಗೆ ಮದುವೆಯ ಉಡುಪೂ ಇಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ವಾಸಿತಿ ಬಂದಳು. ಅಲ್ಲೇ ಕೆಳಗಿನ ಶಾಲೆಯಲ್ಲಿ ಮೇಷ್ಟರಮ್ಮ, ಇಪ್ಪತ್ತಾರು ವರ್ಷ. ಚಿಕ್ಕವಳಿದ್ದಾಗ ಇದೇ ಮೇಜಿನ ಕೆಳಗೆ ಕೂತು, ಅತ್ತೆಯ ಬಟ್ಟೆ ಪುಸ್ತಕದ ಹಾಳೆ ಮಗುಚಿ ಮಗುಚಿ ಎಣಿಸುವುದನ್ನು ಕಲಿತವಳು. ಈಗ ಆ ಮೇಜಿನ ಕೆಳಗೆ ಅವಳ ಒಂದು ಕಾಲೂ ಹಿಡಿಸುವುದು ಕಷ್ಟ.

"ಉಸಿರು ಬಿಟ್ಟು ನಿಲ್ಲೇ," ಎಂದು ಲಾತಾಯಿ ಅಳತೆಪಟ್ಟಿ ಸುತ್ತಿದಳು. "ಎಷ್ಟಿದೆ ನೋಡು."

ವಾಸಿತಿ ಬಗ್ಗಿ ಅಳತೆ ಓದಿದಳು.

"ಹೋದ ತಿಂಗಳಿಗಿಂತ ಒಂದು ಬೆರಳು ಜಾಸ್ತಿ! ಆ ಹುಡುಗನ ಮನೆಯವರು ದಿನಾ ಹಂದಿ ಸುಟ್ಟು ಕಳಿಸ್ತಿದಾರಾ?"

"ಇಲ್ಲ ಅತ್ತೆ. ನಾನೇ ಹೋಗಿ ತಿಂತಿದ್ದೀನಿ."

ಇಬ್ಬರೂ ನಕ್ಕರು. ಆ ಅಳತೆಗೆ ಬಟ್ಟೆ ಕತ್ತರಿಸಿದರು. ಗೆರೆ ಎಳೆದು ಕೊಟ್ಟವಳು ವಾಸಿತಿ, ಕತ್ತರಿ ನಡೆಸಿದ್ದು ಲಾತಾಯಿಯ ತೋಳಿನ ಅಭ್ಯಾಸ. ಈಗ ಲಾತಾಯಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಹಾಳೆ ಮುಟ್ಟಿದಳು. ಒಂದು ಗಟ್ಟಿ ಹಾಳೆ. ಅದರ ಹಿಂದೆ ಇನ್ನೊಂದು ಗಟ್ಟಿ ಹಾಳೆ. ಮೊದಲಾದರೆ ಚರ್ಮ ಯಾವುದು, ನಾರು ಯಾವುದು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ ಬೆರಳುಗಳು ಅವತ್ತು ಏನೂ ಹೇಳಲಿಲ್ಲ. ಅವಳು ಒಂದು ಕ್ಷಣ ತಡೆದಳು. ವಾಸಿತಿ ನೋಡುತ್ತಿದ್ದಾಳೆ ಅನ್ನಿಸಿತು. ತಡೆದದ್ದು ಕಾಣಬಾರದೆಂದು ಕೈಗೆ ಸಿಕ್ಕ ಹಾಳೆಯಿಂದ ಸೂಜಿ ಕಿತ್ತು ಮಷೀನಿಗೆ ಏರಿಸಿ ತಿರುಪು ಬಿಗಿದಳು.

"ದಾರ ಪೋಣಿಸು. ಕಲಿತ್ಕೋ."

ವಾಸಿತಿ ದಾರ ಪೋಣಿಸಲು ಬಗ್ಗಿದಳು. ಬಗ್ಗಿದವಳು ಏಳಲು ಸ್ವಲ್ಪ ಹೊತ್ತು ಹಿಡಿಯಿತು.

"ಏನೇ?"

"ಏನಿಲ್ಲ ಅತ್ತೆ. ಪೋಣಿಸ್ದೆ."

ಮೊದಲು ಚೂರಿನ ಮೇಲೆ, ಆಮೇಲೆ ಬಟ್ಟೆಯ ಮೇಲೆ, ಇದು ಲಾತಾಯಿಯ ಹೊಲಿಗೆಮನೆಯ ಕಾನೂನು. ಉಳಿದ ನಾರಿನ ತುಂಡೊಂದನ್ನು ಮಡಿಸಿ ಒಂದು ಗೇಣು ಹೊಲಿದು, ಕತ್ತರಿಸಿ, ಬೆಳಕಿಗೆ ಹಿಡಿದು ನೋಡುವವಳ ಹಾಗೆ ಹಿಡಿದಳು. ಅವಳಿಗೆ ಕಂಡದ್ದು ಒಂದು ಕಂದು ಮಬ್ಬು. ಅದನ್ನು ವಾಸಿತಿಯ ಕಡೆ ಚಾಚಿದಳು.

"ಹೇಗಿದೆ?"

ವಾಸಿತಿ ತುಂಡನ್ನು ಇಸಿದುಕೊಂಡಳು. ಹೊರಗೆ ಯಾರದೋ ಹಂದಿ ಬೇಲಿ ಕೆರೆಯುವುದು ಕೇಳಿಸಿತು.

"ಚೆನ್ನಾಗಿದೆ ಅತ್ತೆ."

ಲಾತಾಯಿಯ ಎದೆ ಹಗುರಾಯಿತು. ಬೆನ್ನಿನ ಉದ್ದ ಹೊಲಿಗೆಯಿಂದ ಶುರು ಮಾಡಿದಳು. ಎರಡು ಅಂಚು ಕೂಡಿಸಿ, ಕೈಯನ್ನು ಹಲಗೆಯ ಹಾಗೆ ಚಪ್ಪಟೆ ಇಟ್ಟು, ಪೆಡಲು ಒತ್ತಿದಳು. ನಾರುಮಡಿ ಒಣ ಎಲೆಯ ಹಾಗೆ ಸರಸರ ಅನ್ನುತ್ತಾ ಮುಂದೆ ಸರಿಯಿತು. ಕುತ್ತಿಗೆಯಿಂದ ಸೊಂಟದ ತನಕ ಬಂದಿದ್ದಳೋ ಏನೋ, ಅವಳ ಕಾಲು ತಾನಾಗಿಯೇ ನಿಂತಿತು.

ಸದ್ದು ಸರಿಯಿರಲಿಲ್ಲ. ನಾರಿಗೆ ನಾರಿನ ಸೂಜಿ ಹೋದರೆ ಬರುವುದು ಒಂದೇ ಸಮನೆಯ ಪಿಸುಮಾತು. ಇದು ಟಕ್ ಟಕ್ ಅನ್ನುತ್ತಿತ್ತು, ಏನನ್ನೋ ಕಡಿಯುವ ಸದ್ದು. ಸಕ್ಕರೆ ಕಾಯಿಲೆ ಅವಳ ಕಿವಿಯ ತಂಟೆಗೆ ಬಂದಿರಲಿಲ್ಲ. ಲಾತಾಯಿ ಬಟ್ಟೆಯನ್ನು ಹೊರಗೆಳೆದು, ಹೊಲಿಗೆಯ ಎರಡು ಬದಿ ಹಿಡಿದು ಮೆಲ್ಲಗೆ, ಮಗುವಿನ ಕಿವಿ ಹಿಂಡುವಷ್ಟು ಮೆಲ್ಲಗೆ, ಜಗ್ಗಿದಳು. ಪರ್ ಎಂದು ನಾಲ್ಕು ಬೆರಳು ಉದ್ದ ಕಿತ್ತು ಬಂತು.

ಅವಳು ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಚರ್ಮದ ಸೂಜಿ," ಅಂದಳು ಆಮೇಲೆ. "ಅಲ್ವಾ?"

"ಹೌದು ಅತ್ತೆ."

"ದಾರ ಪೋಣಿಸುವಾಗಲೇ ಕಂಡಿತ್ತು ನಿಂಗೆ."

"ಕಂಡಿತ್ತು."

"ಚೂರಿನ ಮೇಲೂ ಕಂಡಿತ್ತು."

ವಾಸಿತಿ ಮುಖ ತಿರುಗಿಸಿದಳು. ಅವಳು ಅಳುತ್ತಿದ್ದಾಳೆಂದು ಮೂಗಿನ ಸದ್ದಿನಿಂದ ತಿಳಿಯಿತು.

"ಬಾಯಿಗೇನಾಗಿತ್ತು ನಿಂಗೆ?" ಲಾತಾಯಿಯ ದನಿ ಬಂದರಿನವರೆಗೂ ಕೇಳಿಸಿರಬೇಕು. "ನಲವತ್ತು ಮಕ್ಕಳ ಮುಂದೆ ದಿನಾ ಬಡ್ಕೋತೀಯಲ್ಲ, ಒಂದು ಮಾತು ಇಲ್ಲಿ ಆಡೋಕಾಗಲಿಲ್ವಾ? ನಿನ್ನ ಅಜ್ಜಿ ಬಡಿದಿದ್ದು ಕಣೇ ಇದು! ಸೊಂಟ ಬಿದ್ದುಹೋದರೂ ಬಿಡದೆ ಬಡಿದಿದ್ದು!"

"ನೀವು ಅತ್ತೆ," ಅಂದಳು ವಾಸಿತಿ. "ನಿಮ್ಮನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಉಡುಪು ಹರಿದ್ರೆ ಹರೀಲಿ. ಪಿನ್ನು ಹಾಕ್ಕೊಂಡು ನಿಂತ್ಕೋತೀನಿ. ನಿಮಗೆ ಕಾಣ್ಸಲ್ಲ ಅಂತ ನಿಮ್ಮ ಮುಖ ನೋಡಿ ನಾನೇ ಹೇಗೆ ಹೇಳ್ಲಿ?"

ಗುಟ್ಟು ಹೀಗೆ ಅವಳ ತೊಡೆಯ ಮೇಲೆ ಬಂದು ಬಿತ್ತು. ಲಾತಾಯಿಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದಿದ್ದ ಜಾಗದಲ್ಲಿ ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಬಂದು ಕೂತವು. ಈ ಹುಡುಗಿ ತನ್ನ ಮದುವೆಯ ದಿನ ಹರಿದ ಬೆನ್ನು ಹೊತ್ತು ಊರೆದುರು ನಿಲ್ಲಲು ತಯಾರಿದ್ದಳು. ಯಾರಿಗೋಸ್ಕರ? ಬಟ್ಟೆಗೆ ಮರ್ಯಾದೆ ಇಲ್ಲವಾ ಎಂದು ಊರಿಗೆಲ್ಲ ಬೈಯುವ ಈ ಮುದುಕಿಗೋಸ್ಕರ. ಅವಳೂ ಅತ್ತಳು. ಅಳು ಬಂದರೆ ನುಂಗುವ ಅಭ್ಯಾಸ ಅವಳಿಗೆ ಇರಲಿಲ್ಲ, ಗಟ್ಟಿಯಾಗಿಯೇ ಅತ್ತಳು. ಮೂಗು ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದಳು.

"ವಾಸಿತಿ. ನಾನು ಯಾರು ನಿಂಗೆ?"

"ಅತ್ತೆ. ಅಪ್ಪನ ಅಕ್ಕ."

"ನಾನು ಏನು ಕೇಳಿದ್ರೂ ಇಲ್ಲ ಅನ್ಬಹುದಾ?"

"ಇಲ್ಲ."

"ಹಾಗಾದ್ರೆ ಕೇಳು. ಇವತ್ತಿಂದ ನನ್ನ ತಪ್ಪು ಕಂಡ್ರೆ ಮುಖದ ಮೇಲೆ ಹೇಳ್ಬೇಕು. ಇದು ನನ್ನ ಅಪ್ಪಣೆ. ಮೀರಿದ್ರೆ ನಿನ್ನ ಮದುವೇಗೆ ಬರಲ್ಲ. ಈಗ್ಲೇ ಶುರು ಮಾಡು. ಹೇಳು, ಅತ್ತೆ ನೀವು ತಪ್ಪು ಅಂತ."

ವಾಸಿತಿ ಬಾಯಿ ತೆರೆದಳು, ಮುಚ್ಚಿದಳು.

"ಹೇಳ್ತೀಯೋ ಇಲ್ವೋ?"

"ಅತ್ತೆ... ನೀವು... ಸ್ವಲ್ಪ ತಪ್ಪು."

"ಸ್ವಲ್ಪ ಏನು ಸ್ವಲ್ಪ? ನಾಲ್ಕು ಬೆರಳು ಕಿತ್ತು ಬಂದಿದೆ!"

ಹುಡುಗಿ ಅಳುವಿನ ನಡುವೆಯೇ ಕಿಸಕ್ಕೆಂದು ನಕ್ಕುಬಿಟ್ಟಳು.

ಹರಿದ ಅಂಚನ್ನು ಕತ್ತರಿಸಿ ಬಿಸಾಕೋಣವೆಂದರೆ ಅಗಲ ಕಮ್ಮಿಯಾಗುತ್ತಿತ್ತು. "ಒಂದು ಬೆರಳು ಕಮ್ಮಿ ಆದ್ರೂ ನೀನು ಪಾದ್ರಿ ಮುಂದೆ 'ಹೌದು' ಅನ್ನೋವಷ್ಟು ಉಸಿರು ತಗೊಳೋ ಹಾಗಿಲ್ಲ," ಅಂದಳು ಲಾತಾಯಿ. ಆಮೇಲೆ ಯೋಚಿಸಿ, ಒಲೆ ಹಚ್ಚು ಅಂದಳು. ಮರಗೆಣಸನ್ನು ಅರೆಬೇಯಿಸಿ, ಹಿಸುಕಿ, ಅಂಟು ಮಾಡಿದರು. ಕತ್ತರಿಸಿ ಉಳಿದ ಚೂರುಗಳಿಂದ ಎರಡು ಬೆರಳು ಅಗಲದ ಉದ್ದ ಪಟ್ಟಿ ಕೂಡಿಸಿ, ಹರಿದ ಅಂಚುಗಳ ಹಿಂಬದಿಗೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತೂತುಗಳನ್ನೆಲ್ಲ ತುಂಬಿದರು. ಅವ್ವ ದಿಮ್ಮಿಯ ಮುಂದೆ ಕೂತು ತೆಳುವಾದ ಜಾಗಕ್ಕೆ ತೇಪೆ ಹಾಕುತ್ತಿದ್ದದ್ದೂ ಹೀಗೆಯೇ. ಲಾತಾಯಿಯ ಜೋಮು ಬೆರಳಿಗೂ ಅಂಟಿನ ಬಿಸಿ ತಾಕಿತು. ನಾರುಮಡಿಯನ್ನು ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಹಾಸಿ ಅವತ್ತು ಅದರ ಮೇಲೆಯೇ ಮಲಗಿದಳು.

ಗುರುವಾರ ಮಧ್ಯಾಹ್ನ ಮಷೀನಿನ ಮುಂದಿನ ಕುರ್ಚಿಯಲ್ಲಿ ವಾಸಿತಿ ಕೂತಳು. ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. ಲಾತಾಯಿ ಪಕ್ಕದ ಚಾಪೆಯ ಮೇಲೆ ಕೂತು ಪುಸ್ತಕವನ್ನು ಅವಳ ಕೈಗೆ ಕೊಟ್ಟಳು.

"ಯಾವುದು ಹಾಕ್ತೀಯಾ?"

"ನಾರಿನ ಹಾಳೇದು. ಹನ್ನೆರಡು."

"ನಿನ್ನೆ ಅಂಟು ಹಾಕಿ ಪದರ ಜಾಸ್ತಿಯಾಗಿದೆ. ಹದಿನಾಲ್ಕು ಬೇಡ್ವಾ?"

ವಾಸಿತಿ ಪುಸ್ತಕದಿಂದ ತಲೆ ಎತ್ತಿದಳು. ಅತ್ತೆ ನಿಜಕ್ಕೂ ಹೇಳುತ್ತಿದ್ದಾಳೋ, ಪರೀಕ್ಷೆ ಮಾಡುತ್ತಿದ್ದಾಳೋ ಎಂದು ಮುಖ ನೋಡಿದಳು.

"ಬೇಡ ಅತ್ತೆ. ತಪ್ಪು. ಹದಿನಾಲ್ಕರ ತೂತು ದೊಡ್ಡದಾಗುತ್ತೆ. ಹನ್ನೆರಡೇ ಸಾಕು, ನಿಧಾನ ಹೊಲಿದ್ರಾಯ್ತು. ಸೂಜಿ ಸಿಕ್ಕಿಕೊಂಡ್ರೆ ಗಾಲಿ ಕೈಯಲ್ಲಿ ತಿರುಗಿಸ್ತೀನಿ."

"ಹೊಲಿಗೆ ಎಷ್ಟುದ್ದ?"

"ಉದ್ದಕ್ಕೇ. ಒತ್ತಾದ್ರೆ ಮತ್ತೆ ಕಿತ್ತು ಬರುತ್ತೆ."

"ಹೂಂ," ಅಂದಳು ಲಾತಾಯಿ. ಸೋತದ್ದಕ್ಕೆ ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಚೂರಿನ ಮೇಲೆ ಒಂದು ಗೇಣು. ಜಗ್ಗಿ ನೋಡಿದರು, ನಿಂತಿತು. ಆಮೇಲೆ ಬೆನ್ನಿನ ಉದ್ದ ಹೊಲಿಗೆ. ಲಾತಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಸರವಾದರೆ "ಕಾಲು ಸಡಿಲ ಬಿಡು" ಅನ್ನುವಳು, ಸದ್ದು ಭಾರವಾದರೆ "ನಿಲ್ಲು, ಅಂಟು ಹತ್ತಿದೆ, ಸೂಜಿ ಒರೆಸ್ಕೋ" ಅನ್ನುವಳು. ಹುಡುಗಿ ನಿಲ್ಲಿಸುವಳು, ಒರೆಸುವಳು, ಮತ್ತೆ ಒತ್ತುವಳು. ಎರಡು ದಿನದಲ್ಲಿ ಉಡುಪು ಮುಗಿಯಿತು.

ಶನಿವಾರ ಮದುವೆ. ಬೆಳಿಗ್ಗೆ ಕೆಲೇಪಿಯ ಮನೆಯಲ್ಲಿ ಹೆಂಗಸರ ಜಾತ್ರೆ. ಹೊರಗೆ ಗಂಡಸರು ಹಂದಿ ಬೇಯಿಸುವ ನೆಲದೊಲೆ ಅಗೆಯುತ್ತ ಕೂಗಾಡುತ್ತಿದ್ದರು. ಒಳಗೆ ಮೇಲಿನ ಚಾಪೆಯ ಮೇಲೆ ಲಾತಾಯಿ, ಸುತ್ತ ಎಲೆನೋವಾ, ಅವಳ ಓರಗಿತ್ತಿಯರು, ಹಾಡಿನ ಗುಂಪಿನವರು. ಎಣ್ಣೆ ಹಚ್ಚಿದ ತೋಳು ಹೊಳೆಯುವ ವಾಸಿತಿ ಅಜ್ಜಿಯ ನಾರುಮಡಿ ತೊಟ್ಟು ಒಳಗಿನಿಂದ ಬಂದಾಗ ಯಾರೋ ಅಯ್ಯೋ ಅಂದರು, ಯಾರೋ ಅತ್ತರು. ಲಾತಾಯಿಗೆ ಕಂಡದ್ದು ಒಂದು ಎತ್ತರದ ಕಂದು ಬಣ್ಣ. ಸರಸರ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.

"ಎಂಥಾ ಹೊಲಿಗೆ, ಅತ್ತಿಗೆ!" ಎಲೆನೋವಾ ಮಗಳ ಬೆನ್ನು ಸವರಿದಳು. "ನಿಮ್ಮ ಕೈಗೆ ನಿಮ್ಮ ಕೈಯೇ ಸಾಟಿ."

ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡಿರಲು ವಾಸಿತಿಯೂ ತಯಾರಾಗಿದ್ದಳು, ಅವಳ ಉಸಿರು ನಿಂತದ್ದರಿಂದಲೇ ಲಾತಾಯಿಗೆ ಅದು ಗೊತ್ತಾಯಿತು. ಹೇಳಿದರೆ ನಾಳೆಯಿಂದ ಯಾರೂ ಬಟ್ಟೆ ತರುವುದಿಲ್ಲ. ಬಾಗಿಲಲ್ಲಿ ನಿಂತು ಸೂಜಿ ಕೇಳಿ ಬೈಸಿಕೊಳ್ಳುವವರೂ ಇರುವುದಿಲ್ಲ. ಅವಳು ಚಾಪೆಯ ಅಂಚನ್ನು ಹಿಡಿದುಕೊಂಡಳು.

"ನನ್ನ ಕೈಯಲ್ಲ. ಹೊಲಿದಿದ್ದು ವಾಸಿತಿ. ನಾನು ಹೊಲಿದು ಹರಿದೆ, ಅವಳು ಕೂಡಿಸಿದ್ಲು. ನನಗೆ ಕಣ್ಣು ಕಾಣಿಸಲ್ಲ. ಎರಡು ವರ್ಷ ಆಯ್ತು. ಬೆರಳೂ ಹೋಗಿದೆ. ನಿಮ್ಮಿಂದೆಲ್ಲ ಮುಚ್ಚಿಟ್ಟೆ."

ಯಾರೋ ಕೆಮ್ಮಿದರು. ಎಲೆನೋವಾ ಬಂದು ಅವಳ ಮುಂದೆ ಮಂಡಿಯೂರಿ ಕೂತಳು.

"ಗೊತ್ತು ಅತ್ತಿಗೆ."

"ಏನು ಗೊತ್ತು?"

"ಎರಡು ವರ್ಷದಿಂದ ಗೊತ್ತು. ಎಲ್ಲರಿಗೂ ಗೊತ್ತು."

"ಹೇಗೆ?"

ಎಲೆನೋವಾ ಸುತ್ತ ನೋಡಿದಳು, ಯಾರಾದರೂ ನೆರವಿಗೆ ಬರುತ್ತಾರೇನೋ ಎಂದು. ಯಾರೂ ಬರಲಿಲ್ಲ. "ನೀವು ಹೊಲಿದು ಕೊಟ್ಟಿದ್ದನ್ನ ಮನೇಗೆ ತಗೊಂಡೋಗಿ ಬಿಚ್ಚಿ, ಮತ್ತೆ ಕೈಯಲ್ಲಿ ಹೊಲ್ಕೋತಿದ್ವಿ. ಒಂದು ಸಲ ತೋಳನ್ನ ಹಿಂದುಮುಂದಾಗಿ ಇಟ್ಟಿದ್ರಿ. ಇನ್ನೊಂದು ಸಲ ನಮ್ಮಕ್ಕನ ಲಂಗದ ಎರಡೂ ಕೊನೆ ಹೊಲಿದುಬಿಟ್ಟಿದ್ರಿ, ಚೀಲದ ಹಾಗೆ."

ಹಿಂದಿನಿಂದ ಯಾರೋ ತಡೆಯಲಾರದೆ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಕ್ರಿಸ್‌ಮಸ್‌ಗೆ ಹಾಡಿನ ಗುಂಪಿನವರ ಬಿಳಿ ಬಟ್ಟೆ?" ಲಾತಾಯಿಯ ದನಿ ಸಣ್ಣದಾಗಿತ್ತು.

"ಹದಿನಾಲ್ಕೂ ಬಿಚ್ಚಿದ್ವಿ. ಮೂರು ದಿನ ಹಿಡೀತು. ವಾಸಿತಿ ಒಬ್ಳೇ ಐದು ಹೊಲಿದ್ಲು."

ಒಂದು ಗಳಿಗೆ ಲಾತಾಯಿಗೆ ಸಿಟ್ಟೇ ಬಂತು. ಎರಡು ವರ್ಷ ಇಡೀ ಊರು ಸೇರಿ ತನ್ನನ್ನು ಆಟ ಆಡಿಸಿದೆ. ಎದ್ದು ಹೋಗಿಬಿಡಲೇ ಅನ್ನಿಸಿತು.

"ಮತ್ಯಾಕೆ ನನ್ನ ಹತ್ರಾನೇ ತರ್ತಿದ್ರಿ? ಪೇಟೇಲಿ ಬೇರೆ ಯಾರೂ ಇರಲಿಲ್ವಾ?"

ಎಲೆನೋವಾಗೆ ಪ್ರಶ್ನೆಯೇ ಅರ್ಥವಾದ ಹಾಗೆ ಕಾಣಲಿಲ್ಲ.

"ಬೇರೆಯವರ ಹತ್ರ ಯಾಕೆ ಹೋಗ್ತೀವಿ ಅತ್ತಿಗೆ? 'ಯಾವ ಬಟ್ಟೆಗೆ' ಅಂತ ನಮ್ಮನ್ನ ಯಾರು ಕೇಳ್ತಾರೆ?"

ಲಾತಾಯಿ ಕೈ ಚಾಚಿ ಎಲೆನೋವಾಳ ಭಾನುವಾರದ ಅಂಗಿಯ ಅಂಚನ್ನು ಎಳೆದುಕೊಂಡಳು. ಬೆರಳಿಗೆ ಏನೂ ತಿಳಿಯಲಿಲ್ಲ. ಬಗ್ಗಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಒಂದರ ಪಕ್ಕ ಒಂದು, ಕೈಯಲ್ಲಿ ಹಾಕಿದ ಹೊಲಿಗೆಗಳು, ಕೆಲವು ಉದ್ದ, ಕೆಲವು ಗಿಡ್ಡ, ದಾರಿ ತಪ್ಪಿ ತಪ್ಪಿ ಮತ್ತೆ ಸಾಲಿಗೆ ಬಂದವು. ಅಂಚಿನ ಉದ್ದಕ್ಕೂ ನಿಧಾನವಾಗಿ ಕೆನ್ನೆ ಸರಿಸಿದಳು. ಬಟ್ಟೆ ಒದ್ದೆಯಾಯಿತು.

"ಇದನ್ನ ಹೊಲಿದಿದ್ದು ಯಾರು?"

"ನಾನೇ ಅತ್ತಿಗೆ."

"ಯಾವ ಸೂಜಿ ಹಾಕಿದ್ದೆ?"

ಎಲೆನೋವಾ ತಲೆ ತಗ್ಗಿಸಿದಳು. "ಯಾವುದೋ ಒಂದು."

"ಗೊತ್ತಾಗ್ತಿದೆ," ಅಂದಳು ಲಾತಾಯಿ, ಕೆನ್ನೆ ಎತ್ತದೆಯೇ. "ಸೋಮವಾರ ಬಾ. ಎಲ್ಲರೂ ಬನ್ನಿ. ಬಿಚ್ಚಿ ಮೊದಲಿಂದ ಹೇಳ್ಕೊಡ್ತೀನಿ."